ನೀರಲ್ಲಿ ಮುಳುಗದ ಕುಬಸದ ಕಣ

ನೀರು ಪರೀಕ್ಷೆ ಮಾಡುವವರಿಗೆ ನೆಮ್ಮದಿಯಾಗಿ ನೀರು ಕುಡಿಯುವ ಭಾಗ್ಯವಿಲ್ಲ. ಯಾರ ಮನೆಗೆ ಹೋದರೂ ಮೊದಲು ತಂಬಿಗೆ ಬರುತ್ತದೆ, ತಂಬಿಗೆಯ ಹಿಂದೆಯೇ ಮನೆಮಂದಿಯೆಲ್ಲ ಬಂದು ನಿಲ್ಲುತ್ತಾರೆ. ನಾನು ಕುಡಿದು ಮುಗಿಸುವವರೆಗೆ ಎಲ್ಲರ ಕಣ್ಣೂ ನನ್ನ ಮುಖದ ಮೇಲೆ. ಒಮ್ಮೆ ಬೀಳಗಿಯಲ್ಲಿ ಬೀಗರ ಮನೆಯಲ್ಲಿ ನೀರು ನೆತ್ತಿಗೇರಿ ಕೆಮ್ಮಿದ್ದಕ್ಕೆ ಆ ಪುಣ್ಯಾತ್ಮರು ಮರುದಿನವೇ ಟಾಕಿ ಖಾಲಿ ಮಾಡಿಸಿ ತೊಳೆಸಿದರು. ನಾನು ಬ್ಯಾಡ್ರಿ ಬ್ಯಾಡ್ರಿ ಎಂದಷ್ಟೂ ಅವರ ಅನುಮಾನ ಹೆಚ್ಚಾಯಿತು.

ಜಮಖಂಡಿಯ ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. ಕೆಲಸ ಹೇಗೆ ಮಾಡಬೇಕು ಎಂಬುದಕ್ಕೆ ಪುಸ್ತಕ ಇದೆಯಂತೆ, ಕೆಲಸ ಹೇಗೆ ಕೆಡುತ್ತದೆ ಎಂಬುದನ್ನು ನಾನು ಬರೆದುಕೊಡಬೇಕಂತೆ. ಜಾಣ ಹುಡುಗಿಯರು. ಸರಿ, ಬರೆಯುತ್ತೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು ಎಂಬುದನ್ನು ಮಾತ್ರ ಕೇಳಬೇಡಿ. ಅದು ಸಿಗುವಷ್ಟರಲ್ಲಿ ನನಗೇ ಅದರ ನೆನಪು ಹೋಗಿತ್ತು.

ನಾನು ಸೇರಿದಾಗ ಪ್ರಯೋಗಾಲಯ ಎಂದರೆ ಒಂದು ಕೋಣೆ, ಒಂದು ಸೋರುವ ನಲ್ಲಿ, ಒಂದಿಷ್ಟು ಗಾಜಿನ ಸಾಮಾನು. ಮಂದಿ ತಮ್ಮ ಬಾವಿಯ ನೀರನ್ನು ತಾವೇ ತರುತ್ತಿದ್ದರು, ಮನೆಯಲ್ಲಿ ಯಾವ ಬಾಟಲಿ ಖಾಲಿ ಇರುತ್ತಿತ್ತೋ ಅದರಲ್ಲಿ. ಸೀಮೆಎಣ್ಣೆ ಡಬ್ಬಿ, ಕೊಬ್ಬರಿ ಎಣ್ಣೆ ಶೀಸೆ, ಉಪ್ಪಿನಕಾಯಿ ಬರಣಿ ಎಲ್ಲ ಬರುತ್ತಿದ್ದವು. ಮುಧೋಳ ಕಡೆಯ ಒಬ್ಬ ಪಂಚಾಯಿತಿ ಸದಸ್ಯರು ಸೆರೆ ಬಾಟಲಿಯಲ್ಲಿ ತಂದ ನೀರನ್ನು ನಮ್ಮ ಸಿಪಾಯಿ ಮೂಸಿ ನೋಡಿ, ಆ ಬಾವಿ ಎಲ್ಲಿ ಬರುತ್ತದೆ ಎಂದು ಭಾರಿ ಭಕ್ತಿಯಿಂದ ವಿಳಾಸ ಕೇಳಿದ. ಹಾಗಾಗಿ ನನ್ನ ಮೊದಲ ಪಾಠ ಇಷ್ಟೇ: ನೀರನ್ನು ಬೈಯುವ ಮೊದಲು ಬಾಟಲಿಯನ್ನು ನೋಡಿರಿ, ಬಾಟಲಿಗಿಂತ ಮೊದಲು ಅದನ್ನು ಹಿಡಿದ ಕೈ ನೋಡಿರಿ. ಈ ಪಾಠವನ್ನು ಎಲ್ಲರಿಗೂ ಹೇಳುತ್ತ ಬಂದವಳು ನಾನೇ. ಅದು ನನ್ನನ್ನೇ ಹೇಗೆ ಬುಗುರಿಯಂತೆ ತಿರುಗಿಸಿತು ಎಂಬುದನ್ನು ಈಗ ಹೇಳುತ್ತೇನೆ.

ಅದಕ್ಕಿಂತ ಮೊದಲು ನಮ್ಮ ನಾಡಗೌಡ ಸಾಹೇಬರನ್ನು ಪರಿಚಯಿಸಬೇಕು. ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಅವರೇ ನನ್ನ ಮೇಲಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಅವರ ಪರೀಕ್ಷೆ ಎಂದರೆ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯುವುದು. ಆಚೆಯ ಬೇವಿನ ಗಿಡ ಕಂಡರೆ ನೀರು ಛಲೋ. ಟೇಬಲ್ಲಿನ ಮೇಲೆ ಹೊಸ ಯಂತ್ರ ಬಂದು ಕೂತ ಮೇಲೂ ಅವರು ಬೇವಿನ ಗಿಡವನ್ನು ಬಿಡಲಿಲ್ಲ.

ಆ ಹೊತ್ತಿಗೆ ನಮಗೆ ಒಂದು ತರಬೇತಿ ಆಯಿತು. ಅಳಿಯದ ರಾಸಾಯನಿಕಗಳು ಎಂಬ ಒಂದು ದೊಡ್ಡ ಬಳಗ ಇದೆ ಎಂದು ಹೇಳಿದರು. ತವೆಗೆ ದೋಸೆ ಅಂಟದಂತೆ, ರೇನ್‌ಕೋಟಿಗೆ ನೀರು ಅಂಟದಂತೆ, ಬೇಕರಿ ಕಾಗದಕ್ಕೆ ಎಣ್ಣೆ ಅಂಟದಂತೆ ಮಾಡಲು ಇವುಗಳನ್ನು ಬಳಸುತ್ತಾರೆ. ಇವು ಯಾವುದಕ್ಕೂ ಅಂಟಗೊಡುವುದಿಲ್ಲ, ತಾವು ಮಾತ್ರ ನಮ್ಮನ್ನು ಬಿಡುವುದಿಲ್ಲ. ಮಣ್ಣಿನಲ್ಲಿ ಕೊಳೆಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅವೇ ಇನ್ನಷ್ಟು ದಟ್ಟವಾಗುತ್ತವೆ. ನೀರಿನಿಂದ, ಊಟದಿಂದ ಮೈ ಸೇರಿದರೆ ವರ್ಷಗಟ್ಟಲೆ ಇರುತ್ತವೆ, ತಾಯಿಯಿಂದ ಹೊಟ್ಟೆಯ ಕೂಸಿಗೂ ದಾಟುತ್ತವೆ. ಬಣ್ಣ, ರುಚಿ, ವಾಸನೆ ಏನೂ ಇಲ್ಲ. ಕೂಸಿನ ತೂಕ, ಥೈರಾಯ್ಡು, ಯಕೃತ್ತು ಇವುಗಳಿಗೆ ಒಳ್ಳೆಯದಲ್ಲ ಎಂದರು. ಜೊತೆಗೆ ಮಾದರಿ ತೆಗೆಯಲು ಹೋಗುವವರು ಏನೇನು ತೊಡಬಾರದು, ಹಚ್ಚಿಕೊಳ್ಳಬಾರದು ಎಂದು ಉದ್ದನೆಯ ಸೂಚನೆ ಕೊಟ್ಟರು. ಸಾಹೇಬರು ಅದರ ಮೊದಲ ಪುಟ ಓದಿ, ಇದು ಮದುವಣಗಿತ್ತಿಗೆ ಹೇಳುವ ನೇಮದಂತಿದೆ ಎಂದು ಆಕಳಿಸಿ ಕಪಾಟಿನಲ್ಲಿಟ್ಟರು.

ಅದಾದ ಕೆಲವು ದಿನಗಳಲ್ಲೇ ಮಹಾದೇವಿ ಬಂದಳು. ಬನಹಟ್ಟಿಗೂ ಮಹಾಲಿಂಗಪುರಕ್ಕೂ ನಡುವಿನ ಒಂದು ತೋಟದ ವಸ್ತಿಯವಳು. ಎರಡನೆಯ ಬಸಿರು, ಐದು ತಿಂಗಳು ತುಂಬಿತ್ತು. ಕೈಯಲ್ಲಿ ನೀರಿನ ಬಾಟಲಿ, ಹಣೆಯ ತುಂಬ ಬೆವರು. ವಸ್ತಿಯ ಮೇಲ್ಗಡೆ ಬಟ್ಟೆಗೆ ನೀರು ಅಂಟದಂತೆ ಲೇಪ ಹಾಕುವ ಒಂದು ಘಟಕ ಇದೆ, ಅದರ ತೊಳೆದ ನೀರು ಹಳ್ಳಕ್ಕೆ ಬರುತ್ತದೆ, ಹಳ್ಳದ ದಂಡೆಯಲ್ಲೇ ನಮ್ಮ ಬಾವಿ ಎಂದಳು. ಆ ಘಟಕದ ಹೆಸರು ಇಲ್ಲಿ ಬೇಡ, ಅದರ ಮಾಲೀಕರು ಹಬ್ಬಕ್ಕೆ ಇಡೀ ವಸ್ತಿಗೆ ಪೇಢೆ ಹಂಚುವ ಸಜ್ಜನರು.

"ಅಕ್ಕಾರ, ಈ ನೀರು ಕುಡದ್ರ ಕೂಸಿಗೆ ಏನರ ಆಗತೈತೇನ್ರಿ? ಹೌದಂದ್ರ ಹೌದನ್ರಿ, ಇಲ್ಲಂದ್ರ ಇಲ್ಲನ್ರಿ. ನೋಡೂಣು ಮಾಡೂಣು ಅಂತ ಮಾತ್ರ ಕಳಸಬ್ಯಾಡ್ರಿ."

ನಾವು ದಿನಾ ಮಾಡುವ ಪರೀಕ್ಷೆಗಳಲ್ಲಿ ಆ ನೀರು ಹೂವಿನಂತೆ ಪಾಸಾಯಿತು. ಅಳಿಯದ ರಾಸಾಯನಿಕ ಹಿಡಿಯುವ ಯಂತ್ರ ನಮ್ಮಲ್ಲಿರಲಿಲ್ಲ, ಅದಕ್ಕೆ ಮಾದರಿಯನ್ನು ದೂರದ ದೊಡ್ಡ ಊರಿಗೆ ಕಳಿಸಬೇಕು, ಹಾಗಾಗಿ ನಾನು ನೋಡೂಣು ಎಂದೇ ಕಳಿಸಬೇಕಾಯಿತು. ಅವಳು ಅದಕ್ಕೆ ನಕ್ಕಳು, ಆ ನಗೆ ನನಗೆ ಚುಚ್ಚಿತು.

ತೊಡಕು ಇನ್ನೊಂದಿತ್ತು. ಹೊಳೆ ನೀರಿನ ದೊಡ್ಡ ಪೈಪು ವಸ್ತಿಯ ಪಕ್ಕದ ರಸ್ತೆಯಲ್ಲೇ ಹಾದುಹೋಗಿತ್ತು. ಒಳಗೆ ತರಬೇಕೆಂದರೆ ಮಹಾದೇವಿಯ ಮಾವ ಬೀರಪ್ಪಜ್ಜನ ಹೊಲ ದಾಟಬೇಕು. ಅಜ್ಜನೋ, ಅಗೆಯಲು ಬಂದವರನ್ನು ಅವರ ಗುದ್ದಲಿ ಸಮೇತ ಹಿಂದಕ್ಕೆ ಕಳಿಸಿದ್ದ. ಆ ಬಾವಿ ಅವನ ಅಪ್ಪ ತೋಡಿಸಿದ್ದು. ಕುರಿ ಹೊಡೆದುಕೊಂಡು ಹೋಗುವವರು, ಕಬ್ಬು ಕಡಿಯಲು ಬಂದವರು, ದಾರಿಹೋಕರು, ಎಲ್ಲರಿಗೂ ಅಲ್ಲಿ ಹಗ್ಗ, ಕೊಡ ಸದಾ ಸಿದ್ಧ. ಬಾವಿಯ ನೀರು ಕೆಟ್ಟಿದೆ ಎಂದರೆ ಅವನ ಅಪ್ಪನನ್ನು ಬೈದ ಹಾಗೆ. ಇತ್ತ ಸೊಸೆ ಬಸಿರು ಹೊತ್ತು ರಸ್ತೆಯ ನಲ್ಲಿಯಿಂದ ತನ್ನೊಬ್ಬಳಿಗೆ ಕೊಡ ತರುತ್ತಿದ್ದಳು, ಅತ್ತ ಮಾವ ಅವಳೊಡನೆ ಮಾತು ಬಿಟ್ಟಿದ್ದ. ಅಜ್ಜ ಹೂಂ ಎನ್ನಬೇಕು, ಪೈಪು ಒಳಗೆ ಬರಬೇಕು. ಇಷ್ಟೇ ಕೆಲಸ, ಆದರೆ ಅಜ್ಜನಿಗೆ ಹೂಂ ಎನ್ನುವ ಅಭ್ಯಾಸವೇ ಇರಲಿಲ್ಲ.

ನಾನು ಹೋಗಿ ಮಾತನಾಡಿದೆ. ನನ್ನ ತವರು ರನ್ನ ಬೆಳಗಲಿ, ನಾವೂ ಬೀರೇಶ್ವರನ ಒಕ್ಕಲು. ಹಾಗಾಗಿ ಅಜ್ಜ ನನ್ನನ್ನು ತಂಗಿ ಎಂದೇ ಕರೆದ. ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದ.

"ಕಣ್ಣಿಗೆ ಕಾಣೂದಿಲ್ಲ, ಮೂಗಿಗೆ ಬಡಿಯೂದಿಲ್ಲ, ನಾಲಿಗಿಗೆ ಹತ್ತೂದಿಲ್ಲ. ಅಂಥಾದ್ದು ಐತಿ ಅಂತ ಹೇಳಾಕ ನಿನಗ ಸರಕಾರ ಪಗಾರ ಕೊಡತೈತೇನು ತಂಗಿ?"

ಕೊಡುತ್ತದೆ ಅಜ್ಜಾ, ಅದೂ ತಡವಾಗಿ ಎಂದೆ. ಅಜ್ಜ ಬಾಯಿ ತುಂಬ ನಕ್ಕ. ಆಮೇಲೆ ಒಂದು ಕರಾರು ಮಾಡಿದ. ಬಾವಿಯ ನೀರು ಕೆಟ್ಟಿದೆ ಎಂದು ದೊಡ್ಡ ಊರಿನ ಯಂತ್ರ ಕಾಗದದ ಮೇಲೆ ಹೇಳಿದರೆ ತಾನೇ ನಿಂತು ಹೊಲ ಅಗೆಸುತ್ತೇನೆ, ಹೇಳದಿದ್ದರೆ ಸೊಸೆ ಮನೆಯ ಬಾವಿಯ ನೀರೇ ಕುಡಿಯಬೇಕು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಮಾದರಿ ತೆಗೆಯುವ ದಿನ ಸಾಹೇಬರೂ ಹೊರಟರು. ನಮ್ಮ ತಾಲೂಕಿನ ನೀರು ಅಷ್ಟು ದೂರದ ಪ್ರಯೋಗಾಲಯಕ್ಕೆ ಹೋಗುವುದು ಅದೇ ಮೊದಲು, ಅದು ಅವರಿಗೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಸಂಭ್ರಮ. ಈ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬಾವಿಯ ನೀರಿನ ಜೊತೆ ಒಂದು ಬಾಟಲಿ ಶುದ್ಧ ನೀರನ್ನೂ ಪ್ರಯೋಗಾಲಯದಿಂದ ಒಯ್ಯುತ್ತೇವೆ. ಬಾವಿಯ ಬಳಿಯೇ ಅದನ್ನು ತೆರೆದು ಇನ್ನೊಂದು ಖಾಲಿ ಬಾಟಲಿಗೆ ಸುರಿದು ಮುಚ್ಚುತ್ತೇವೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ತಪ್ಪು ಬಾವಿಯದಲ್ಲ, ನಮ್ಮ ಕೈಯದು.

ಇನ್ನೇನು ಬಾಟಲಿ ತೆರೆಯಬೇಕು, ಅಜ್ಜ ತಡೆದ. ಸರಕಾರದವರು ಮನೆಗೆ ಬಂದಿದ್ದಾರೆ, ಬರಿಗೈಯಲ್ಲಿ ಬಾವಿಗೆ ಇಳಿಸುವುದೇ? ಜಗಳ ಬೇರೆ, ಮರ್ಯಾದೆ ಬೇರೆ. ಸಾಹೇಬರಿಗೆ ಮಿರಿಮಿರಿ ಶಾಲು ಹೊದಿಸಿದ. ಅಜ್ಜನ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ ಉಡಿ ತುಂಬಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಮೇಲೆ ಒಂದು ಹೂವಿನ ಚಿತ್ತಾರದ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ. ನಮ್ಮ ಕಡೆ ಉಡಿ ತುಂಬುವಾಗ ಬೇಡ ಎಂದ ಹೆಂಗಸು ಇನ್ನೂ ಹುಟ್ಟಿಲ್ಲ. ನಾನು ಆ ಕಣವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡೆ, ಸೆರಗಿಗೆ ಕಟ್ಟಿಕೊಂಡೆ, ಅದೇ ಕೈಯಲ್ಲಿ ಬಾಟಲಿ ತೆರೆದೆ. ಸಾಹೇಬರು ಶಾಲು ಹೊದ್ದು ಬಾವಿಯ ಕಟ್ಟೆಯ ಮೇಲೆ ಬಗ್ಗಿ, ತಳ ಕಾಣುತ್ತದೆ, ನೀರು ಛಲೋ ಐತಿ ಎಂದರು.

ವರದಿ ಬಂತು. ಬಾವಿಯ ನೀರಿನಲ್ಲಿ ಅಳಿಯದ ರಾಸಾಯನಿಕ ಇತ್ತು. ನಾವು ಒಯ್ದಿದ್ದ ಶುದ್ಧ ನೀರಿನಲ್ಲಿ ಅದಕ್ಕಿಂತ ಹೆಚ್ಚಿತ್ತು. ಮಾದರಿ ತೆಗೆದವರ ಕೈಯಿಂದಲೇ ಸೇರಿದೆ, ಇದನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಕೆಳಗೆ ಷರಾ ಬರೆದಿದ್ದರು.

ಸಾಹೇಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಸುದ್ದಿ ವಸ್ತಿಗೆ ಮುಟ್ಟಿದ್ದೇ ಅಜ್ಜ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಜ್ಜಿಗೆ ಕುಡಿಸಿದನಂತೆ. ಸರಕಾರದ ನೀರಿಗಿಂತ ನನ್ನ ಬಾವಿಯ ನೀರು ಚೊಕ್ಕ ಎಂದು ಯಂತ್ರವೇ ಹೇಳಿದೆ ಎಂದು ಸಾರಿದನಂತೆ. ಸುಳ್ಳು ಎನ್ನುವ ಹಾಗೂ ಇರಲಿಲ್ಲ. ಘಟಕದ ಮಾಲೀಕರು ನಮ್ಮ ಕಚೇರಿಗೂ ಪೇಢೆ ಕಳಿಸಿದರು. ಮಹಾದೇವಿ ಕರಾರಿಗೆ ತಲೆಬಾಗಿದಳು. ರಸ್ತೆಯ ನಲ್ಲಿಗೆ ಒಯ್ಯುತ್ತಿದ್ದ ಕೊಡವನ್ನು ಬೋರಲು ಹಾಕಿ, ಬಾವಿಯ ಹಗ್ಗ ಹಿಡಿದಳು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಈ ಒಗಟನ್ನು ಬಿಡಿಸಿದವನು ನಮ್ಮ ಓಣಿಯ ದರ್ಜಿ ಹುಸೇನ ಮಾಮಾ. ಬೇಸರದಲ್ಲಿ ಇದ್ದಾಗ ಹೊಸ ಕುಬಸ ಹೊಲಿಸುವುದು ನನ್ನ ರೂಢಿ, ಆ ಉಡಿಯ ಕಣವನ್ನು ಅವನಿಗೆ ಕೊಟ್ಟಿದ್ದೆ. ಹೊಲಿದ ಮೇಲೆ ಬಟ್ಟೆ ಸಣ್ಣದಾಗಬಾರದೆಂದು ಅವನು ಕತ್ತರಿಸುವ ಮೊದಲು ಎಲ್ಲ ಕಣಗಳನ್ನೂ ಬಕೆಟ್ಟಿನಲ್ಲಿ ನೆನೆಹಾಕುತ್ತಾನೆ. ಮರುದಿನ ಬಕೆಟ್ಟನ್ನೇ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ಈ ಕಣ ನೀರಾಗ ಮುಳಗಾಕ ಒಲ್ಲದರಿ. ಒತ್ತಿ ಹಿಡದ್ರೂ ಮ್ಯಾಲೇ ಬರತೈತಿ. ಇದನ್ನ ನಾ ಹೊಲೀಲೋ ಹಾಯಿ ಕಟ್ಟಿ ಹೊಳಿಗೆ ಬಿಡಲೋ?"

ಕಣ ಬಕೆಟ್ಟಿನಲ್ಲಿ ಬಾತುಕೋಳಿಯಂತೆ ತೇಲುತ್ತಿತ್ತು. ಮೇಲೆ ನೀರು ಚಿಮುಕಿಸಿದೆ, ಹನಿಗಳು ಉರುಳಿ ಆಚೆ ಬಿದ್ದವು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಎಷ್ಟು ಹೊತ್ತು ನಕ್ಕೆನೆಂದರೆ, ಹುಸೇನ ಮಾಮಾ ಗಾಬರಿಯಾಗಿ ನಮ್ಮವರನ್ನು ಕರೆಯಲು ಒಳಗೆ ಓಡಿದ. ಅದು ಆ ಘಟಕದ ಬಟ್ಟೆ. ಉಳಿದ ತುಂಡುಗಳನ್ನು ಅವರು ವಸ್ತಿಯವರಿಗೆ ಪುಕ್ಕಟೆ ಕೊಡುತ್ತಿದ್ದರು. ನೀರು ಹಿಡಿಯದ ಬಟ್ಟೆ ಎಂದು ವಸ್ತಿಯಲ್ಲಿ ಅದಕ್ಕೆ ಭಾರಿ ಮಾನ. ಕೊಡದ ಮೇಲೆ ಅದೇ, ರೊಟ್ಟಿ ಬುಟ್ಟಿಯ ಮೇಲೆ ಅದೇ, ಕೂಸಿನ ಹಾಸಿಗೆಯ ಕೆಳಗೂ ಅದೇ. ಇದ್ದುದರಲ್ಲಿ ಒಳ್ಳೆಯದನ್ನು ತೆಗೆದು ನಮಗೆ ಮರ್ಯಾದೆ ಮಾಡಿದ್ದರು. ನಮ್ಮ ಶುದ್ಧ ನೀರನ್ನು ಕೆಡಿಸಿದ್ದು ಆ ಮರ್ಯಾದೆ. ಬಾವಿಯ ಕತೆ ಇನ್ನೂ ತೀರ್ಮಾನವಾಗಿರಲಿಲ್ಲ.

ಎರಡನೆಯ ಸಲ ಮಾದರಿ ಕಳಿಸಲು ಸಾಹೇಬರು ಒಪ್ಪಲಿಲ್ಲ. ಮತ್ತೆ ನಗೆಪಾಟಲು ಬೇಡ ಎಂದರು. ನಾನು ವಿಷಯ ಬದಲಿಸಿ, ನಿಮಗೆ ಹೊದಿಸಿದ ಶಾಲು ಎಲ್ಲಿದೆ ಸರ್ ಎಂದು ಕೇಳಿದೆ. ಅಯ್ಯೋ, ಅದು ಹೊದೆಯಲು ಬರಲಿಲ್ಲ, ಬರೀ ಜಾರುತ್ತದೆ, ಮನೆಯಲ್ಲಿ ಬಿಸಿ ರೊಟ್ಟಿಯ ಮೇಲೆ ಮುಚ್ಚುತ್ತಾರೆ ಎಂದರು. ಅದಕ್ಕೆ ಏನು ಲೇಪ ಹಾಕಿರುತ್ತಾರೆ ಎಂದು ಆಗ ಸಾವಕಾಶವಾಗಿ ಹೇಳಿದೆ. ತಾವು ಆಕಳಿಸಿ ಕಪಾಟಿನಲ್ಲಿಟ್ಟಿದ್ದ ಸೂಚನೆಯನ್ನು ಸಾಹೇಬರು ತಾವೇ ಎದ್ದು ತೆಗೆದು, ನಿಂತುಕೊಂಡೇ ಕೊನೆಯವರೆಗೆ ಓದಿದರು. ಮನೆಗೆ ಫೋನು ಹಚ್ಚಿ ರೊಟ್ಟಿ ತಿನ್ನಬೇಡಿರಿ ಎಂದರು. ಆಮೇಲೆ ಸಹಿ ಹಾಕಿದರು. ಹೊಸ ಹುಡುಗಿಯರೇ, ಅಪಾಯ ಎಂಬುದು ಕಡತದಲ್ಲಿ ಇರುವವರೆಗೆ ಯಾರೂ ಏಳುವುದಿಲ್ಲ, ರೊಟ್ಟಿ ಬುಟ್ಟಿಗೆ ಬಂದಾಗ ಏಳುತ್ತಾರೆ.

ಈಗ ಉಳಿದದ್ದು ಉಡಿ. ವಸ್ತಿಗೆ ಹೋದರೆ ಮತ್ತೆ ಮಣೆ, ಮತ್ತೆ ಕಣ. ಬೇಡ ಎಂದರೆ ಜೀವಮಾನದ ಮುನಿಸು. ಕಾರಣ ಹೇಳಿದರೆ, ಈಗ ನನ್ನ ಬಟ್ಟೆಯೂ ಕೆಟ್ಟದ್ದಾಯಿತೇನು ಎನ್ನುತ್ತಾನೆ ಅಜ್ಜ. ಮುತ್ತೈದೆಯರಲ್ಲಿ ಉಡಿ ತುಂಬದೆ ಬಿಡುವುದು ಒಬ್ಬಳನ್ನೇ, ಸೂತಕದವಳನ್ನು. ಹಾಗಾಗಿ ನಾನು ಒಂದು ಕೊಲೆ ಮಾಡಿದೆ. ನಮ್ಮವರ ಕಡೆ ಸಾವಳಗಿಯಲ್ಲಿ ಒಬ್ಬ ದೂರದ ಕಾಕಾನನ್ನು ಹುಟ್ಟಿಸಿ, ಅದೇ ವಾರ ಸಾಯಿಸಿದೆ.

ಒಗೆದು ಒಗೆದು ಜಾಳಾದ ಹಳೆಯ ನೂಲಿನ ಸೀರೆ ಉಟ್ಟು, ಕ್ರೀಮು ಪೌಡರು ಏನೂ ಇಲ್ಲದೆ ಹೋದೆ. ಸೂತಕದ ವೇಷಕ್ಕೂ ಸೂಚನೆಯ ಪುಟಕ್ಕೂ ಅಷ್ಟು ಚೆನ್ನಾಗಿ ಹೊಂದುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾವಳಗಿಯ ಕಾಕಾ ಹೋದರು ಎಂದದ್ದೇ ತಡ, ಯಾರೂ ನನ್ನ ಹತ್ತಿರ ಬರಲಿಲ್ಲ, ಏನೂ ಕೊಡಲಿಲ್ಲ. ಸೂತಕದಲ್ಲಿ ಗುಡಿಗೆ ಹೋಗಬಾರದು, ನೀರಿಗೆ ಏನೂ ತಡೆಯಿಲ್ಲ ಎಂದು ಅಜ್ಜನೇ ದಾರಿ ಬಿಟ್ಟ. ನಿರಾಳವಾಗಿ ಬಾಟಲಿ ತುಂಬಿದೆ. ಬರುವಾಗ ರಸ್ತೆಯ ನಲ್ಲಿಯದೂ ಒಂದು ತುಂಬಿದೆ. ಹೊರಡುವಾಗ ಅಜ್ಜ ಮಾತ್ರ ತಲೆ ಕೆರೆದುಕೊಂಡು, ಸಾವಳಗಿಯಲ್ಲಿ ನಮ್ಮ ಬೀಗರಿದ್ದಾರೆ, ಹೇಳಲೇ ಇಲ್ಲವಲ್ಲ ಎಂದ. ಬಸ್ಸು ಬಂತು ಎಂದು ಹೇಳಿ, ಬಾರದ ಬಸ್ಸಿಗೆ ಓಡಿದೆ.

ಈ ಸಲ ವರದಿ ವಾರದೊಳಗೇ ಬಂತು. ಆ ಮಧ್ಯಾಹ್ನ ನಾನು ಅದನ್ನು ಕೈಯಲ್ಲಿ ಹಿಡಿದು ಮನೆಯಲ್ಲೇ ಕುಳಿತಿದ್ದೆ. ಶುದ್ಧ ನೀರು ಶುದ್ಧವಾಗಿತ್ತು. ನಲ್ಲಿಯ ನೀರಿನಲ್ಲೂ ಏನೂ ಸಿಕ್ಕಿರಲಿಲ್ಲ. ಬಾವಿಯ ನೀರಿನಲ್ಲಿ ಇತ್ತು, ಸಾಕಷ್ಟು ಇತ್ತು. ಗೆದ್ದೆ ಎಂದು ಹಿಗ್ಗಬೇಕು, ಹಿಗ್ಗು ಬರಲಿಲ್ಲ. ಆ ಮುದುಕನಿಗೆ ಯಾವ ಬಾಯಿಂದ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಅವನೇ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬುತ್ತಿ ಗಂಟು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ನಮ್ಮ ಕಡೆ ಬಳಗದವರು ರೊಟ್ಟಿ ಕಟ್ಟಿಕೊಂಡು ಮಾತನಾಡಿಸಲು, ಅಂದರೆ ಸಮಾಧಾನ ಹೇಳಲು, ಹೋಗುತ್ತಾರೆ. ಗಂಟು ಕಟ್ಟಿದ್ದು ಅದೇ ಹೂವಿನ ಬಟ್ಟೆಯಲ್ಲಿ.

ನಮ್ಮವರು ಎದ್ದು ನಗುನಗುತ್ತ ಸ್ವಾಗತಿಸಿದರು. ಪಾಪ, ತಮ್ಮ ಕಾಕಾ ಸತ್ತದ್ದು ಅವರಿಗೆ ಗೊತ್ತಿರಲಿಲ್ಲ. ಅಜ್ಜ ಅವರ ಮುಖ ನೋಡಿದ, ನನ್ನ ಮುಖ ನೋಡಿದ, ನಿಧಾನಕ್ಕೆ ಕುಳಿತ.

"ಮದಲ ಸಾವಳಗಿಗೇ ಹೋಗಿದ್ನಿ ತಂಗಿ. ಓಣಿ ಓಣಿ ತಿರಗಿದ್ನಿ. ಸತ್ತವರ ಮನಿ ಸಿಗಲಿಲ್ಲ. ಎಲ್ಲಾರೂ ಜೀವಂತ ಅದಾರ. ನಿಮ್ಮ ಅಡ್ಡಹೆಸರಿನ ಒಬ್ಬ ಮುದುಕ ಸಿಕ್ಕಿದ್ದ, ನೀ ಸತ್ತೀಯೇನು ಅಂತ ಕೇಳಿದ್ದಕ್ಕ ಬಡಿಗಿ ತಗೊಂಡು ಬೆನ್ನ ಹತ್ತಿದ."

ನಮ್ಮವರು ಬಾಯಿ ತೆರೆದು ನನ್ನತ್ತ ತಿರುಗಿದರು. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಉಡಿ, ಕಣ, ಹುಸೇನ ಮಾಮಾನ ಬಕೆಟ್ಟು, ಸುಳ್ಳು ಸೂತಕ ಎಲ್ಲ ಹೇಳಿದೆ. ಬುತ್ತಿ ಗಂಟನ್ನು ಬಿಚ್ಚಿ ರೊಟ್ಟಿ ತೆಗೆದಿಟ್ಟು, ಆ ಬಟ್ಟೆಯ ಮೇಲೆ ಚಮಚೆಯಿಂದ ನೀರು ಹಾಕಿ ತೋರಿಸಿದೆ. ಹನಿ ಉರುಳಿ ಅಜ್ಜನ ಕಾಲ ಬಳಿ ಬಿತ್ತು. ಕೊನೆಗೆ ವರದಿ ಓದಿದೆ. ಈ ಸಲ ನನ್ನ ಕೈ ಚೊಕ್ಕ ಇತ್ತು ಅಜ್ಜಾ, ಇದು ನಿನ್ನ ಬಾವಿಯದೇ ಎಂದೆ. ತೋಡಿಸಿದವರ ತಪ್ಪಲ್ಲ, ಮೇಲಿನಿಂದ ಹರಿದು ಬಂದದ್ದು ಎಂದೂ ಹೇಳಿದೆ.

ಅಜ್ಜ ಬಗ್ಗಿ ಆ ಹನಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಹಂಗಾರ ನಾ ಬಂದದ್ದು ದಂಡ ಆಗಲಿಲ್ಲ" ಎಂದ. "ಸೂತಕ ಖರೆನ ಐತಿ ತಂಗಿ. ನಿಮ್ಮ ಮನ್ಯಾಗಲ್ಲ, ನಮ್ಮ ಮನ್ಯಾಗ. ಈಗ ನೀನ ನನ್ನ ಮಾತಾಡಸು."

ಆ ಬಾವಿ ತೋಡಿದ್ದು ಹೇಗೆ ಅಜ್ಜಾ ಎಂದು ಕೇಳಿದೆ. ನಮ್ಮವರು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಸಂಜೆಯವರೆಗೆ ಅಜ್ಜ ಆ ಬಾವಿಯ ಕತೆ ಹೇಳಿದ. ಮೊದಲ ಸೆಲೆ ಒಡೆದ ದಿನ ಅವನ ಅಪ್ಪ ತಳದಲ್ಲಿ ನಿಂತು ಅತ್ತದ್ದನ್ನೂ ಹೇಳಿದ.

ಮಾತಿನಂತೆ ಅವನೇ ನಿಂತು ಹೊಲ ಅಗೆಸಿದ. ಬಾವಿಯ ಮೇಲೆ ಹಲಗೆ ಬಿತ್ತು, ಹಗ್ಗ ಗೋಡೆಯ ಗೂಡು ಸೇರಿತು. ಘಟಕಕ್ಕೆ ನೋಟೀಸು ಹೋಗಿದೆ, ಅವರು ಉತ್ತರ ಬರೆದಿದ್ದಾರೆ, ಆ ಕಾಗದಗಳೂ ಸುಲಭಕ್ಕೆ ಅಳಿಯುವಂಥವಲ್ಲ. ಅದನ್ನು ಮುಂದುವರಿಸುವ ಕೆಲಸ ಹೊಸ ಹುಡುಗಿಯರದು. ಬಟ್ಟೆಯನ್ನು ಮಾತ್ರ ವಸ್ತಿಯವರು ಚೀಲಕ್ಕೆ ತುಂಬಿ ಆ ಘಟಕದ ಬಾಗಿಲಿಗೇ ಒಯ್ದು ಇಟ್ಟು, ಉಡಿ ತುಂಬಿದಂತೆ ಮೇಲೊಂದು ಕೊಬ್ಬರಿ ಬಟ್ಟಲು ಇಟ್ಟು ಬಂದರಂತೆ.

ಮಹಾದೇವಿಗೆ ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ ನನ್ನನ್ನು ಕರೆದಿದ್ದರು, ಅಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಕಣ ಬನಹಟ್ಟಿಯ ನೂಲಿನದು, ನನಗೆ ಕೊಡುವ ಮೊದಲು ಮಹಾದೇವಿ ಅದರ ಅಂಚನ್ನು ನೀರಲ್ಲಿ ಅದ್ದಿ ತೋರಿಸಿದಳು. ಆಮೇಲೆ ಅಂಗಳದ ಹೊಸ ನಲ್ಲಿಯಿಂದ ಒಂದು ತಂಬಿಗೆ ತುಂಬಿ ತಂದು ಮಾವನ ಮುಂದೆ ಹಿಡಿದಳು. ಪೈಪು ಬಂದಾಗಿನಿಂದ ಅಜ್ಜ ಮಜ್ಜಿಗೆ, ಚಹಾದಲ್ಲೇ ದಿನ ನೂಕುತ್ತಿದ್ದನಂತೆ, ಬರೀ ನೀರು ಬಾಯಿಗಿಟ್ಟಿರಲಿಲ್ಲವಂತೆ.

ಅಜ್ಜ ತಂಬಿಗೆ ತೆಗೆದುಕೊಂಡ. ಮನೆಮಂದಿಯೆಲ್ಲ ಬಂದು ನಿಂತರು. ಅಷ್ಟು ವರ್ಷ ಮಂದಿ ನನ್ನ ಮುಖ ನೋಡಿದ ಹಾಗೆ ಅಂದು ನಾನು ಅವನ ಮುಖ ನೋಡುತ್ತ ಉಸಿರು ಹಿಡಿದು ಕುಳಿತೆ. ಎತ್ತಿ ಕುಡಿದ. ಮೀಸೆ ಒರೆಸಿಕೊಂಡ.

"ಸಪ್ಪಗ ಐತಿ" ಎಂದ. ತಂಬಿಗೆಯನ್ನು ಸೊಸೆಯ ಕಡೆ ಚಾಚಿದ. "ಇನ್ನಷ್ಟು ತಾರವ್ವಾ."